‘ಸಂಚಾರಿ’ ಅಂದ್ರೆ ಮನೆತನದ ಹೆಸರಾ? ಪಂಚನಹಳ್ಳಿಯ ವಿಜಯ್ ಮತ್ತು ನಟನೆಯ ಕಸುಬು

2024ರ ಆಗಸ್ಟ್ 16. ಕಡೂರು ಬಸ್ ಸ್ಟ್ಯಾಂಡ್ ಹತ್ತಿರದ ಕಟಿಂಗ್ ಶಾಪಿನಲ್ಲಿ ಕತ್ತು ಬಗ್ಗಿಸಿಕೊಂಡು ಕೂತಿದ್ದೆ. ‘ಕಾಂತಾರ’ದ ಅಭಿನಯಕ್ಕೆ ರಿಷಬ್ ಶೆಟ್ಟಿಗೆ ರಾಷ್ಟ್ರ ಪ್ರಶಸ್ತಿ ಅಂತ ಟಿವಿಯಲ್ಲಿ ಬರುತ್ತಿತ್ತು. ಬೆಂಚಿನ ಮೇಲಿದ್ದ ಕಾಲೇಜು ಹುಡುಗನೊಬ್ಬ, “ಕನ್ನಡಕ್ಕೆ ಇದೇ ಫಸ್ಟ್ ಅಲ್ವಾ ಅಣ್ಣ?” ಅಂದ. ಕತ್ತರಿಯ ಸದ್ದು ನಿಂತಿತು.

“ಯಾವ್ ಫಸ್ಟೋ? ನಮ್ ಪಂಚನಹಳ್ಳಿ ವಿಜಯಣ್ಣಂಗೆ ಬಂದಿರ್ಲಿಲ್ವಾ?”

“ಯಾರು?”

ಮಾತು ನಟ ಸಂಚಾರಿ ವಿಜಯ್ ಅವರದ್ದು, 2015ರಲ್ಲಿ ಅತ್ಯುತ್ತಮ ನಟ ರಾಷ್ಟ್ರ ಪ್ರಶಸ್ತಿ ಪಡೆದು, 2021ರಲ್ಲಿ ತೀರಿಕೊಂಡವರು. ಆಮೇಲೆ ಶುರುವಾಯಿತು. ಒಬ್ಬರು ಸಂಚಾರಿ ಅನ್ನುವುದು ಅವರ ಮನೆತನದ ಹೆಸರು ಅಂದರು. ಇನ್ನೊಬ್ಬರಿಗೆ ಪಿಕ್ಚರ್ ರಿಲೀಸ್ ಆಗುವ ಮೊದಲೇ ಅವಾರ್ಡು ಹೇಗೆ ಬಂತು ಅನ್ನುವುದು ಇವತ್ತಿಗೂ ಬಗೆಹರಿದಿರಲಿಲ್ಲ. ಮೂಲೆಯಲ್ಲಿದ್ದ ಹಿರಿಯರು ಮಾತ್ರ, “ಎದೆ ಬಡ್ಕೊಳ್ತಾ ಇರೋನ್ನ ಸತ್ತ ಅಂದ್ರಲ್ಲಪ್ಪ, ಅದೊಂದು ನಂಗೆ ಇನ್ನೂ ಅರ್ಥ ಆಗಿಲ್ಲ” ಅಂದರು. ಕಟಿಂಗ್ ಮುಗಿಯುವಷ್ಟರಲ್ಲಿ ಇಷ್ಟಕ್ಕೆಲ್ಲ ಉತ್ತರ ಹೇಳಲು ಆಗಲಿಲ್ಲ. ಇಲ್ಲಿ ಹೇಳುತ್ತೇನೆ.

ಕಾಫಿ ಇಲ್ಲದ ಚಿಕ್ಕಮಗಳೂರು

ಚಿಕ್ಕಮಗಳೂರು ಅಂದ ತಕ್ಷಣ ಹೊರಗಿನವರಿಗೆ ಕಾಫಿ ತೋಟ, ಮುಳ್ಳಯ್ಯನಗಿರಿ, ಮಂಜು. ಕಡೂರು ತಾಲ್ಲೂಕು ಆ ಚಿತ್ರದೊಳಗೆ ಬರುವುದೇ ಇಲ್ಲ. ಇದು ಬಯಲುಸೀಮೆ, ತೆಂಗು, ರಾಗಿ, ಮಳೆಗೆ ಕಾಯುವ ಕೆರೆಗಳ ಸೀಮೆ. ಪಂಚನಹಳ್ಳಿ ಇರುವುದು ಈ ತಾಲ್ಲೂಕಿನಲ್ಲಿ. ಬಿ. ವಿಜಯ್ ಕುಮಾರ್ ಹುಟ್ಟಿದ್ದು ಈ ಕಡೆಯಲ್ಲೇ, 1983ರ ಜುಲೈ 17ರಂದು.

ಈ ಸೀಮೆಗೆ ನಾಟಕವೇನೂ ಹೊಸದಲ್ಲ. ಅರಸೀಕೆರೆ, ತಿಪಟೂರು, ಕಡೂರು ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಆಡದ ಊರು ಕಮ್ಮಿ. ನಮ್ಮ ಚಿಕ್ಕಪ್ಪ ಒಮ್ಮೆ ದುರ್ಯೋಧನನ ಪಾರ್ಟು ಹಾಕಿದ್ದರು. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು: ನಮ್ಮಲ್ಲಿ ಪಾರ್ಟು ಮಾಡುವವನಿಗೆ ಯಾರೂ ದುಡ್ಡು ಕೊಡುವುದಿಲ್ಲ, ಪಾರ್ಟಿಗೆ ಅವನೇ ದುಡ್ಡು ಕಟ್ಟುತ್ತಾನೆ. ದೊಡ್ಡ ಪಾರ್ಟಿಗೆ ದೊಡ್ಡ ಮೊತ್ತ. ಆ ವರ್ಷದ ಕೊಬ್ಬರಿ ದುಡ್ಡು ದುರ್ಯೋಧನನ ಕಿರೀಟಕ್ಕೆ ಹೋಯಿತು ಅಂತ ಚಿಕ್ಕಮ್ಮ ಈಗಲೂ ಆಡಿಕೊಳ್ಳುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಮೂರು ತಿಂಗಳು ಊರಲ್ಲೇ ಬೀಡುಬಿಟ್ಟು ಕಂದಪದ್ಯ ತಿದ್ದಿಸಿದರು. ನಾಟಕದ ರಾತ್ರಿ ಸೀನರಿಯ ಹಿಂದೆ ನಿಂತು ನೋಡಿದ್ದೆ. ಮುಖಕ್ಕೆ ಸಫೇದ ಬಳಿದು, ಮೀಸೆ ಅಂಟಿಸಿಕೊಂಡು, ಚಿಕ್ಕಪ್ಪ ನಡುಗುವ ಕೈಯಲ್ಲಿ ಗದೆ ಹಿಡಿದುಕೊಂಡಿದ್ದರು. ಪರದೆ ಎದ್ದಿತು, ನಡುಕ ಎಲ್ಲಿ ಹೋಯಿತೋ ಗೊತ್ತಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ನಟನೆ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ವಿಜಯ್ ಆರಿಸಿಕೊಂಡದ್ದು ಬೇರೆ ಬಗೆಯ ರಂಗಭೂಮಿ. ಅದು ಗೊತ್ತಿದ್ದರೆ ಅವರ ಹೆಸರಿನ ಗುಟ್ಟೂ ಗೊತ್ತಾಗುತ್ತದೆ.

ಸಂಚಾರಿ ಯಾರು?

ಕನ್ನಡದ ನಾಟಕವನ್ನು ಸುಮಾರಾಗಿ ನಾಲ್ಕು ಬಗೆ ಮಾಡಬಹುದು. ಮೊದಲನೆಯದು ಮೇಲೆ ಹೇಳಿದ ಹಳ್ಳಿಯ ಪೌರಾಣಿಕ ನಾಟಕ. ಎರಡನೆಯದು ಕಂಪನಿ ನಾಟಕ: ಟಿಕೆಟ್ ಮಾರಿ, ಊರೂರಲ್ಲಿ ಕ್ಯಾಂಪ್ ಹಾಕಿ ಬದುಕುವುದು. ಗುಬ್ಬಿ ವೀರಣ್ಣನವರ ಕಂಪನಿ ಇದಕ್ಕೆ ದೊಡ್ಡ ಹೆಸರು. ಮೂರನೆಯದು ರೆಪರ್ಟರಿ, ಅಂದರೆ ಸಂಬಳಕ್ಕೆ ಪೂರ್ಣಾವಧಿ ಕಲಾವಿದರನ್ನು ಇಟ್ಟುಕೊಂಡ ತಂಡ. ಮೈಸೂರಿನ ರಂಗಾಯಣ, ಹೆಗ್ಗೋಡಿನ ನೀನಾಸಂ ತಿರುಗಾಟ ಈ ಜಾತಿಯವು. ನಾಲ್ಕನೆಯದು ಹವ್ಯಾಸಿ ತಂಡ. ಹಗಲು ಬೇರೆ ಕೆಲಸ, ಸಂಜೆ ತಾಲೀಮು. ಬೆಂಗಳೂರಿನಲ್ಲಿ ಇಂಥ ತಂಡಗಳು ಬಹಳ. ರವೀಂದ್ರ ಕಲಾಕ್ಷೇತ್ರದಲ್ಲೋ ರಂಗಶಂಕರದಲ್ಲೋ ಒಂದು ಪ್ರದರ್ಶನ ಸಿಕ್ಕರೆ ಅದೇ ಹಬ್ಬ.

‘ಹವ್ಯಾಸಿ’ ಪದ ಕೇಳಿ ಹಗುರವಾಗಿ ನೋಡಬಾರದು. ಇಲ್ಲಿ ನಟ ಅಂದರೆ ಬರೀ ಬಣ್ಣ ಹಚ್ಚುವವನಲ್ಲ. ಸೆಟ್ ಹೊರುವುದು, ಮೊಳೆ ಹೊಡೆಯುವುದು, ಬೇರೆಯವರ ದೃಶ್ಯಕ್ಕೆ ಲೈಟು ಹಿಡಿಯುವುದು, ಮುಗಿದ ಮೇಲೆ ಕಸ ಗುಡಿಸುವುದು ಎಲ್ಲವೂ ಅವನದೇ.

ಎನ್. ಮಂಗಳಾ ಅವರು ಕಟ್ಟಿ ಬೆಳೆಸಿದ ‘ಸಂಚಾರಿ ಥಿಯೇಟರ್’ ಬೆಂಗಳೂರಿನ ಅಂಥದ್ದೊಂದು ತಂಡ. ವಿಜಯ್ ನಟನಾಗಿ ಪಳಗಿದ್ದು ಅಲ್ಲಿ. ತಂಡದ ಹೆಸರೇ ಹೆಸರಿನ ಮುಂದೆ ಸೇರಿಕೊಂಡಿತು. ರಂಗಾಯಣ ರಘು, ನೀನಾಸಂ ಸತೀಶ್ ಇದ್ದಾರಲ್ಲ, ಹಾಗೆಯೇ. ಸಿನಿಮಾದಲ್ಲಿ ಒಂದೇ ಹೆಸರಿನ ಹತ್ತು ಜನ ಇರುವುದರಿಂದ ಗುರುತಿಗೂ ಆಯಿತು, ಕಲಿತ ಮನೆಯ ಋಣಕ್ಕೂ ಆಯಿತು.

ಸಂಚಾರಿ ಅಂದರೆ ತಿರುಗಾಡುವವನು. ಅದಕ್ಕೆ ಇನ್ನೊಂದು ಅರ್ಥವೂ ಇದೆ. ನಾಟ್ಯಶಾಸ್ತ್ರದಲ್ಲಿ ಶೋಕ, ಕ್ರೋಧ, ರತಿಯಂಥ ನೆಲೆನಿಂತ ಭಾವಗಳನ್ನು ಸ್ಥಾಯಿ ಅನ್ನುತ್ತಾರೆ. ಅವುಗಳ ಮೇಲೆ ಬಂದು ಹೋಗುವ ಶಂಕೆ, ನಾಚಿಕೆ, ದಣಿವು ಮೊದಲಾದ 33 ಭಾವಗಳನ್ನು ಸಂಚಾರಿ ಅನ್ನುತ್ತಾರೆ. ಮದಗದ ಕೆರೆಯ ನೀರು ಸ್ಥಾಯಿ, ಗಾಳಿಗೆ ಏಳುವ ಅಲೆ ಸಂಚಾರಿ ಅಂದುಕೊಳ್ಳಿ. ಕೆರೆ ತುಂಬಿದೆ ಅಂತ ದೂರದಿಂದಲೇ ಗೊತ್ತಾಗುತ್ತದೆ. ಅಲೆ ಕಾಣಬೇಕಾದರೆ ದಡಕ್ಕೆ ಹೋಗಬೇಕು. ಸಿನಿಮಾ ಕ್ಯಾಮೆರಾ ಮಾಡುವುದು ಇದನ್ನೇ, ನಮ್ಮನ್ನು ದಡಕ್ಕೆ ಕರೆದುಕೊಂಡು ಹೋಗುತ್ತದೆ.

ಎಲೆಯ ಕ್ರಮ ಬೇರೆ, ಒಲೆಯ ಕ್ರಮ ಬೇರೆ

ನಾಟಕದಲ್ಲಿ ಗೆದ್ದವರೆಲ್ಲ ಸಿನಿಮಾದಲ್ಲಿ ಗೆಲ್ಲುವುದಿಲ್ಲ. ಎರಡರ ಪಟ್ಟುಗಳೇ ಬೇರೆ.

ರಂಗದ ಮೇಲಿನ ನಟ ಕೊನೆಯ ಸಾಲಿನ ಅಜ್ಜಿಗೂ ಕೇಳಿಸಬೇಕು, ಕಾಣಿಸಬೇಕು. ಆದ್ದರಿಂದ ದನಿ ಎದೆಯಾಳದಿಂದ ಬರುತ್ತದೆ, ಕೈ ಪೂರ್ತಿ ಚಾಚುತ್ತದೆ. ಅದೇ ಅಭ್ಯಾಸ ಹೊತ್ತುಕೊಂಡು ಕ್ಯಾಮೆರಾ ಮುಂದೆ ನಿಂತರೆ, ಪಕ್ಕದಲ್ಲೇ ಕೂತವರ ಹತ್ತಿರ ಮೈಕ್ ಹಿಡಿದು ಮಾತಾಡಿದಂತಾಗುತ್ತದೆ. ಸಮೀಪದ ಶಾಟ್‌ನಲ್ಲಿ ಮುಖ ಇಡೀ ಗೋಡೆಯಷ್ಟು ದೊಡ್ಡದಾಗುವುದರಿಂದ ರೆಪ್ಪೆ ಅಲುಗಿದರೂ ಅದೊಂದು ಸಂಭಾಷಣೆ. ರಂಗದಿಂದ ಬಂದವರಿಗೆ ನಿರ್ದೇಶಕರು ಮೊದಲು ಹೇಳುವ ಮಾತು ಸಾಮಾನ್ಯವಾಗಿ “ಸ್ವಲ್ಪ ಕಮ್ಮಿ ಮಾಡಿ” ಅಂತಲೇ.

ಇನ್ನೊಂದು ವ್ಯತ್ಯಾಸ ಕ್ರಮದ್ದು. ಮದುವೆ ಮನೆಯ ಅಡುಗೆ ನೆನಪಿಸಿಕೊಳ್ಳಿ. ಲಾಡು ಎರಡು ದಿನ ಮುಂಚೆಯೇ ಕಟ್ಟಿ ಡಬ್ಬಿಗೆ ಸೇರಿರುತ್ತದೆ. ಅನ್ನ ಇಳಿಯುವುದು ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ. ಉಣ್ಣುವವನಿಗೆ ಮಾತ್ರ ಉಪ್ಪು, ಪಲ್ಯ, ಕೋಸಂಬರಿ ಅಂತ ಬೇರೆಯದೇ ಕ್ರಮದಲ್ಲಿ ಎಲೆ ತುಂಬುತ್ತದೆ. ಸಿನಿಮಾ ಚಿತ್ರೀಕರಣವೂ ಹೀಗೇ. ಲೊಕೇಶನ್ ಸಿಕ್ಕಿತು ಅಂತ ಕ್ಲೈಮ್ಯಾಕ್ಸ್ ಮೊದಲ ದಿನವೇ ಮುಗಿದಿರಬಹುದು, ನಾಯಕ ನಾಯಕಿಯ ಮೊದಲ ಭೇಟಿ ಕೊನೆಯ ದಿನ. ಎಲೆಯ ಕ್ರಮಕ್ಕೆ ತಂದು ಬಡಿಸುವವನು ಸಂಕಲನಕಾರ. ಮೂರು ನಿಮಿಷದ ಅಳುವನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ತುಂಡು ತುಂಡಾಗಿ ಅಳುವಾಗ, ಹಿಂದಿನ ಶಾಟ್‌ನಲ್ಲಿ ದುಃಖ ಎಷ್ಟು ಡಿಗ್ರಿಯಲ್ಲಿತ್ತು ಅನ್ನುವ ಲೆಕ್ಕ ನಟನ ಮೈಯಲ್ಲೇ ಇರಬೇಕು.

ಆ ಲೆಕ್ಕ ಇಡಲು ತಾಲೀಮು ಕಲಿಸುತ್ತದೆ. ಒಂದೇ ನಾಟಕವನ್ನು ಐವತ್ತು ಸಂಜೆ ಮಾಡಿದವನಿಗೆ ಪಾತ್ರದ ಶುರುವಿನಿಂದ ಕೊನೆಯವರೆಗಿನ ದಾರಿ ಕಣ್ಣುಮುಚ್ಚಿದರೂ ಗೊತ್ತಿರುತ್ತದೆ. ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಹಾಕಿಡುತ್ತೇವಲ್ಲ, ಹೊರಗಿನಿಂದ ನೋಡಿದರೆ ಏನೂ ಆಗುತ್ತಿಲ್ಲ, ಒಳಗೆ ನೀರು ಇಂಗಿ ಕೊಬ್ಬರಿಯಾಗುತ್ತಿರುತ್ತದೆ. ವಿಜಯ್ ಅವರ ರಂಗಭೂಮಿಯ ವರ್ಷಗಳು ಅಟ್ಟದ ಮೇಲಿನ ಕಾಯಿ. ಅವರು ಸಿನಿಮಾಕ್ಕೆ ಬಂದದ್ದು 2011ರಲ್ಲಿ, ‘ರಂಗಪ್ಪ ಹೋಗ್ಬಿಟ್ನಾ’ ಚಿತ್ರದ ಮೂಲಕ. ಆಮೇಲೂ ಎರಡು ಮೂರು ವರ್ಷ ಅವರ ಹೆಸರು ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ.

ಅಳಬಾರದ ಅಪ್ಪ, ಮಾದೇಶನಾಗಿರಲಾರದ ವಿದ್ಯಾ

2014ರ ಸಾಲಿನ ಎರಡು ಚಿತ್ರಗಳು ಎಲ್ಲವನ್ನೂ ಬದಲಿಸಿದವು.

ಒಂದು, ಮಂಸೋರೆ ನಿರ್ದೇಶನದ ‘ಹರಿವು’. ಉತ್ತರ ಕರ್ನಾಟಕದ ಬಡ ರೈತನೊಬ್ಬ ಕಾಯಿಲೆಯ ಮಗನನ್ನು ಬೆಂಗಳೂರಿನ ಆಸ್ಪತ್ರೆಗೆ ತರುತ್ತಾನೆ. ಮಗ ಉಳಿಯುವುದಿಲ್ಲ. ಹೆಣ ಊರಿಗೆ ಸಾಗಿಸಲು ಕಾಸಿಲ್ಲ. ಮಗುವನ್ನು ಟ್ರಂಕಿನಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಾನೆ. ನಟನ ಕಣ್ಣಿನಿಂದ ನೋಡಿದರೆ ಇದು ಭಯಂಕರ ಕಷ್ಟದ ಪಾತ್ರ. ಮಗ ಸತ್ತ ಅಪ್ಪ ಗೋಳಾಡುವುದು ಸುಲಭ, ನೋಡುವವರಿಗೂ ಕಣ್ಣೀರು ಬರುತ್ತದೆ. ಇಲ್ಲಿ ಅಪ್ಪ ಅಳುವ ಹಾಗೇ ಇಲ್ಲ. ಅತ್ತರೆ ಟ್ರಂಕಿನಲ್ಲಿ ಏನಿದೆ ಅಂತ ಪಕ್ಕದವರು ಕೇಳುತ್ತಾರೆ. ಹೀಗಾಗಿ ಸ್ಥಾಯಿ ಶೋಕವಾದರೂ ಮುಖದ ಮೇಲೆ ಕಾಣಬೇಕಾದ್ದು ಅದನ್ನು ಅದುಮಿಡುವ ಭಯ. ಅಲೆಯನ್ನಷ್ಟೇ ತೋರಿಸಿ ಕೆರೆಯ ಆಳ ಹೇಳುವ ಕೆಲಸ.

ಇನ್ನೊಂದು, ಬಿ.ಎಸ್. ಲಿಂಗದೇವರು ನಿರ್ದೇಶನದ ‘ನಾನು ಅವನಲ್ಲ... ಅವಳು’. ರಂಗಭೂಮಿ ಕಲಾವಿದೆಯೂ ಆದ ಲಿವಿಂಗ್ ಸ್ಮೈಲ್ ವಿದ್ಯಾ ತಮಿಳಿನಲ್ಲಿ ಬರೆದ ಆತ್ಮಕಥೆ ಈ ಚಿತ್ರದ ಮೂಲ. ಗಂಡಾಗಿ ಹುಟ್ಟಿದ ಮಾದೇಶ ತಾನು ಹೆಣ್ಣು ಅಂತ ಅರಿತು, ಮನೆ ಬಿಟ್ಟು, ವಿದ್ಯಾ ಆಗುವ ಕಥೆ.

“ಗಂಡಸರು ಹೆಣ್ಣಿನ ಪಾರ್ಟು ಮಾಡೋದು ಹೊಸದಾ? ಕಂಪನಿ ನಾಟಕದಲ್ಲಿ, ಯಕ್ಷಗಾನದಲ್ಲಿ ಮಾಡ್ತಿರ್ಲಿಲ್ವಾ?” ಅಂತ ಕಟಿಂಗ್ ಶಾಪಿನಲ್ಲೂ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಸ್ತ್ರೀಪಾತ್ರಧಾರಿಯ ಗುರಿ ಒಂದೇ, ತಾನು ಗಂಡಸು ಅನ್ನುವುದನ್ನು ಪ್ರೇಕ್ಷಕ ಮರೆಯಬೇಕು. ಇಲ್ಲಿ ಹಾಗಲ್ಲ. ಚಿತ್ರದ ಮೊದಲ ಭಾಗದಲ್ಲಿ ಊರಿಗೆಲ್ಲ ಹುಡುಗನಾಗಿ ಕಾಣುವ ಜೀವ ಅದು. ಒಳಗಿನ ಹೆಣ್ತನವನ್ನು ಬಚ್ಚಿಡಲು ಹೆಣಗುತ್ತಿರುತ್ತದೆ, ಬಚ್ಚಿಟ್ಟದ್ದು ನಡಿಗೆಯಲ್ಲೋ ಕೈಬೆರಳಿನಲ್ಲೋ ಜಾರಿ ಹೊರಬೀಳುತ್ತಿರುತ್ತದೆ. ಗಂಡು ದೇಹವೊಂದು ಗಂಡಿನ ಹಾಗೆ ನಟಿಸಲು ಹೋಗಿ ಸೋಲುವುದನ್ನು ಗಂಡು ನಟನೊಬ್ಬ ನಟಿಸಬೇಕು. ಬರೆಯುವಾಗಲೇ ನಾಲಗೆ ತೊಡರುತ್ತದೆ.

ಲಿಂಗತ್ವ ಅಲ್ಪಸಂಖ್ಯಾತರನ್ನು ನಮ್ಮ ಸಿನಿಮಾಗಳು ಚಪ್ಪಾಳೆ ತಟ್ಟಿಸಿ ನಗಿಸಲು ಬಳಸಿದ್ದೇ ಹೆಚ್ಚು. ಇಲ್ಲಿ ಆ ಚಾಳಿಯ ನೆರಳೂ ಬೀಳದಂತೆ ವಿಜಯ್ ನೋಡಿಕೊಂಡರು. ಕಾಲವೂ ಕೂಡಿಬಂದಿತ್ತು: 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಮೂರನೇ ಲಿಂಗಕ್ಕೆ ಕಾನೂನಿನ ಮಾನ್ಯತೆ ಕೊಟ್ಟಿತ್ತು. ಇಂಥ ಪಾತ್ರಗಳನ್ನು ಆ ಸಮುದಾಯದವರೇ ಮಾಡಬೇಕು ಅನ್ನುವ ವಾದವೂ ಇದೆ. ಅದು ಈ ಒಂದು ಚಿತ್ರಕ್ಕೆ ಸೀಮಿತವಾದ ಚರ್ಚೆಯಲ್ಲ.

ಬಿಡುಗಡೆಗೆ ಮೊದಲೇ ಪ್ರಶಸ್ತಿ ಹೇಗೆ?

2015ರ ಮಾರ್ಚ್‌ನಲ್ಲಿ 62ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು ಘೋಷಣೆಯಾದವು. ‘ನಾನು ಅವನಲ್ಲ... ಅವಳು’ ಚಿತ್ರಕ್ಕೆ ಅತ್ಯುತ್ತಮ ನಟ ಸಂಚಾರಿ ವಿಜಯ್. ಅದೇ ಚಿತ್ರದ ಪ್ರಸಾಧನ ಕಲಾವಿದರಾದ ನಾಗರಾಜು ಮತ್ತು ರಾಜು ಅವರಿಗೂ ಪ್ರಶಸ್ತಿ ಬಂತು. ‘ಹರಿವು’ ಅತ್ಯುತ್ತಮ ಕನ್ನಡ ಚಿತ್ರವಾಯಿತು. ‘ನಾನು ಅವನಲ್ಲ... ಅವಳು’ ಥಿಯೇಟರಿಗೆ ಬಂದದ್ದು ಮಾತ್ರ ಆ ವರ್ಷದ ಸೆಪ್ಟೆಂಬರ್‌ನಲ್ಲಿ.

ಇದರಲ್ಲಿ ಮೋಸವೇನಿಲ್ಲ. ಈ ಪ್ರಶಸ್ತಿಗೆ ಲೆಕ್ಕಕ್ಕೆ ಬರುವುದು ಬಿಡುಗಡೆಯ ದಿನಾಂಕ ಅಲ್ಲ, ಸೆನ್ಸಾರ್ ಪ್ರಮಾಣಪತ್ರದ ದಿನಾಂಕ. ಜನವರಿ 1ರಿಂದ ಡಿಸೆಂಬರ್ 31ರೊಳಗೆ ಸೆನ್ಸಾರ್ ಆದ ಚಿತ್ರಗಳು ಆ ಸಾಲಿನವು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಯಾವ ವರ್ಷ ಕೂತೆ ಅನ್ನುವುದು ಮುಖ್ಯವೇ ಹೊರತು ಅಂಕಪಟ್ಟಿಯನ್ನು ಯಾವತ್ತು ಮನೆಗೆ ತಂದೆ ಅನ್ನುವುದಲ್ಲವಲ್ಲ.

ಆಯ್ಕೆ ಎರಡು ಹಂತದಲ್ಲಿ ನಡೆಯುತ್ತದೆ. ಶಾಲಾ ಮಕ್ಕಳ ಪ್ರತಿಭಾ ಕಾರಂಜಿಯಲ್ಲಿ ಕ್ಲಸ್ಟರ್ ಗೆದ್ದವರು ತಾಲ್ಲೂಕಿಗೆ ಹೋಗುತ್ತಾರಲ್ಲ, ಹಾಗೆ. ಮೊದಲು ಪ್ರಾದೇಶಿಕ ಸಮಿತಿಗಳು ತಮ್ಮ ಭಾಗದ ಭಾಷೆಗಳ ಚಿತ್ರ ನೋಡಿ ಶಿಫಾರಸು ಮಾಡುತ್ತವೆ. ದಕ್ಷಿಣಕ್ಕೇ ಇಂಥ ಎರಡು ಸಮಿತಿ. ಆಮೇಲೆ ಕೇಂದ್ರ ಸಮಿತಿಯ ತೀರ್ಮಾನ. ಆ ವರ್ಷ ಕಥಾಚಿತ್ರಗಳ ಸಮಿತಿಗೆ ತಮಿಳು ನಿರ್ದೇಶಕ ಭಾರತಿರಾಜ ಅಧ್ಯಕ್ಷರು. ನಟನಿಗೆ ಸಿಗುವುದು ರಜತ ಕಮಲ, ಅಂದರೆ ಬೆಳ್ಳಿಯ ಪದಕ. ಸ್ವರ್ಣ ಕಮಲ ಇರುವುದು ಅತ್ಯುತ್ತಮ ಚಿತ್ರ, ಅತ್ಯುತ್ತಮ ನಿರ್ದೇಶನದಂಥ ಕೆಲವಕ್ಕೆ. “ಬೆಳ್ಳಿ ಅಂದ್ರೆ ಸೆಕೆಂಡ್ ಪ್ರೈಜಾ?” ಅಂತ ಕೇಳುವವರಿದ್ದಾರೆ. ಅಲ್ಲ. ನಟರಿಗೆ ಇರುವುದೇ ಅದು. ಜತೆಗೆ ಆಗ 50,000 ರೂಪಾಯಿ ನಗದು ಇತ್ತು, ಈಗ 2 ಲಕ್ಷ.

ಇನ್ನು ಆ ಹುಡುಗನ ಪ್ರಶ್ನೆ, ಕನ್ನಡಕ್ಕೆ ಎಷ್ಟನೆಯದು? ಕನ್ನಡ ಚಿತ್ರದ ನಟನೆಗೆ ಅಂತ ಲೆಕ್ಕ ಹಾಕಿದರೆ ಮೊದಲಿಗರು ‘ಚೋಮನ ದುಡಿ’ಯ (1975) ಎಂ.ವಿ. ವಾಸುದೇವ ರಾವ್. ಎರಡನೆಯವರು ‘ತಬರನ ಕಥೆ’ಯ (1986) ಚಾರುಹಾಸನ್. ಮೂರನೆಯವರು ವಿಜಯ್, ನಾಲ್ಕನೆಯವರು ರಿಷಬ್. ಚಾರುಹಾಸನ್ ತಮಿಳಿನವರು, ತಬರ ಮಾತ್ರ ನಮ್ಮವನೇ: ಕಥೆ ಬರೆದದ್ದು ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ. ನಾಲ್ಕರಲ್ಲಿ ಎರಡಕ್ಕೆ ನಮ್ಮ ಜಿಲ್ಲೆಯ ನಂಟಿದೆ ಅಂತ ಹೇಳಿಕೊಂಡರೆ ಸುಳ್ಳೇನೂ ಅಲ್ಲ! ಪ್ರಕಾಶ್ ರಾಜ್ ಕನ್ನಡಿಗರಾದರೂ ಅತ್ಯುತ್ತಮ ನಟ ಪ್ರಶಸ್ತಿ ಪಡೆದದ್ದು ತಮಿಳಿನ ‘ಕಾಂಚೀವರಂ’ಗೆ. “ಅಣ್ಣಾವ್ರಿಗೆ ಬಂದಿರ್ಲಿಲ್ವಾ?” ಅನ್ನುವುದು ತಪ್ಪದೆ ಬರುವ ಪ್ರಶ್ನೆ. ಡಾ. ರಾಜ್‌ಕುಮಾರ್ ಅವರಿಗೆ ಬಂದದ್ದು ‘ಜೀವನ ಚೈತ್ರ’ದ ಹಾಡಿಗೆ, ಅತ್ಯುತ್ತಮ ಹಿನ್ನೆಲೆ ಗಾಯಕ ಪ್ರಶಸ್ತಿ.

ಹಾಗಾದರೆ ಹೀರೋ ಯಾಕಾಗಲಿಲ್ಲ?

ಪ್ರಶಸ್ತಿ ಕೊಡುವವರು ಬೇರೆ, ಟಿಕೆಟ್ ಕೊಳ್ಳುವವರು ಬೇರೆ. ಸ್ಟಾರ್ ಅಂದರೆ ಮೊದಲ ದಿನದ ಜನ. ಯಾರ ಮುಖ ನೋಡಿ ಶುಕ್ರವಾರ ಬೆಳಿಗ್ಗೆ ಚಿತ್ರಮಂದಿರ ತುಂಬುತ್ತದೋ ಅವರ ಮೇಲೆ ಹಣ ಹೂಡುತ್ತಾರೆ. ರಜತ ಕಮಲ ಆ ಜನವನ್ನು ತರುವುದಿಲ್ಲ, ಪಾತ್ರ ತರಬಹುದು. ವಿಜಯ್‌ಗೆ ಪಾತ್ರಗಳು ಬಂದವು. ರಾಮ್‌ಗೋಪಾಲ್ ವರ್ಮಾ ಅವರ ‘ಕಿಲ್ಲಿಂಗ್ ವೀರಪ್ಪನ್’, ಮಂಸೋರೆ ಅವರದೇ ‘ನಾತಿಚರಾಮಿ’, ‘6ನೇ ಮೈಲಿ’, ಲಾಕ್‌ಡೌನ್ ಸಡಿಲವಾದ ಮೇಲೆ 2020ರ ನವೆಂಬರ್‌ನಲ್ಲಿ ತೆರೆಕಂಡ ‘ಆಕ್ಟ್ 1978’. ನನಗನ್ನಿಸುವಂತೆ ಕನ್ನಡ ಚಿತ್ರರಂಗಕ್ಕೆ ಅವರನ್ನು ಎಲ್ಲಿ ಕೂರಿಸಬೇಕು ಅಂತ ಗೊತ್ತಾಗಲಿಲ್ಲ. ಹೀರೋನೂ ಅಲ್ಲ, ಪೋಷಕ ನಟನೂ ಅಲ್ಲ. ಪಂಕ್ತಿಯಲ್ಲಿ ಎಲೆ ಹಾಕದ ಜಾಗ.

2021ರ ಜೂನ್: ಎದೆ ಬಡಿಯುತ್ತಿದ್ದರೂ ಸಾವು ಹೇಗೆ?

ಕೋವಿಡ್‌ನ ಎರಡನೇ ಅಲೆಯಲ್ಲಿ ವಿಜಯ್ ಆಮ್ಲಜನಕ ಒದಗಿಸುತ್ತಿದ್ದ ‘ಉಸಿರು’ ಎಂಬ ತಂಡದ ಜೊತೆ ಓಡಾಡುತ್ತಿದ್ದರು. ಜೂನ್ 12ರ ರಾತ್ರಿ ಬೆಂಗಳೂರಿನಲ್ಲಿ ಅವರು ಹಿಂದೆ ಕೂತಿದ್ದ ಬೈಕು ಅಪಘಾತಕ್ಕೀಡಾಯಿತು. ತಲೆಗೆ ಪೆಟ್ಟು. ಎರಡು ದಿನದಲ್ಲಿ ಮಿದುಳು ನಿಷ್ಕ್ರಿಯ ಅನ್ನುವ ಸುದ್ದಿ ಬಂತು. ಜೂನ್ 15ರಂದು ತೀರಿಕೊಂಡರು ಅಂದರು. ವಯಸ್ಸು 37. ಟಿವಿಯ ಮುಂದೆ ಕೂತ ನಮಗೆಲ್ಲ ಗೊಂದಲ.

ಮಿದುಳು ಸಾವು ಕೋಮಾ ಅಲ್ಲ. ಕೋಮಾದಲ್ಲಿ ಮಿದುಳಿಗೆ ಪೆಟ್ಟಾಗಿದ್ದರೂ ಜೀವ ಇರುತ್ತದೆ, ಚೇತರಿಸಿಕೊಂಡವರೂ ಇದ್ದಾರೆ. ಮಿದುಳು ಸಾವಿನಲ್ಲಿ ಉಸಿರಾಟ ನಡೆಸುವ ಮಿದುಳಿನ ಕಾಂಡವೂ ಸತ್ತಿರುತ್ತದೆ. ಮತ್ತೆ ಎದೆ ಹೇಗೆ ಬಡಿಯುತ್ತದೆ? ಹೃದಯಕ್ಕೆ ತನ್ನದೇ ಸ್ಟಾರ್ಟರ್ ಇದೆ. ಮಿದುಳಿನ ಅಪ್ಪಣೆ ಇಲ್ಲದೆಯೂ ಅದು ತನ್ನೊಳಗಿನ ವಿದ್ಯುತ್ತಿನಿಂದ ಮಿಡಿಯಬಲ್ಲದು, ಆಮ್ಲಜನಕ ಸಿಗುತ್ತಿದ್ದರೆ ಸಾಕು. ವೆಂಟಿಲೇಟರ್ ಅದನ್ನು ಒದಗಿಸುತ್ತಿರುತ್ತದೆ. ಊರಿಗೆ ಬರುವ ಲೈನ್ ಶಾಶ್ವತವಾಗಿ ಕಡಿದುಹೋಗಿದೆ, ಒಂದು ಮನೆಯಲ್ಲಿ ಜನರೇಟರ್ ಇರುವುದರಿಂದ ದೀಪ ಉರಿಯುತ್ತಿದೆ ಅಂದುಕೊಳ್ಳಿ. ಡೀಸೆಲ್ ಮುಗಿಯುವವರೆಗೆ.

ಇದನ್ನು ಒಬ್ಬ ಡಾಕ್ಟರು ಸುಮ್ಮನೆ ಹೇಳಿಬಿಡುವ ಹಾಗಿಲ್ಲ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರ ಮಂಡಳಿ ಬೇಕು, ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಆಗಬೇಕು. ಅದರಲ್ಲೊಂದು ಆಪ್ನಿಯಾ ಪರೀಕ್ಷೆ. ಆಮ್ಲಜನಕ ಕೊಡುತ್ತಲೇ ವೆಂಟಿಲೇಟರ್‌ನ ಒತ್ತುವಿಕೆ ನಿಲ್ಲಿಸಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವವರೆಗೆ ಕಾಯುತ್ತಾರೆ. ಬದುಕಿರುವ ಮಿದುಳು ಆಗ ಉಸಿರಿಗೆ ತಹತಹಿಸಲೇಬೇಕು. ಎದೆ ಒಂದು ಸಲವೂ ಏಳದಿದ್ದರೆ ಉತ್ತರ ಸಿಕ್ಕಿತು. ಅಂಥ ಸ್ಥಿತಿಯಲ್ಲಿ ಅಂಗಾಂಗಗಳು ಇನ್ನೂ ಕೆಲಸಕ್ಕೆ ಬರುವಂತಿರುತ್ತವೆ. ವಿಜಯ್ ಅವರ ಮನೆಯವರು ದಾನಕ್ಕೆ ಒಪ್ಪಿದರು. ಪಂಚನಹಳ್ಳಿಯಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ಆಯಿತು.

ಆಮೇಲೆ ಬಂದ ಚಿತ್ರಗಳು

ಒಲೆಯ ಕ್ರಮ, ಎಲೆಯ ಕ್ರಮ ಅಂದೆನಲ್ಲ, ಅದು ಇಲ್ಲೂ ನಿಜವಾಯಿತು. ಅವರು ಹೋದ ಮೇಲೆಯೇ ಕೆಲವು ಚಿತ್ರಗಳು ಎಲೆಗೆ ಬಿದ್ದವು. ‘ಪುಕ್ಸಟ್ಟೆ ಲೈಫು’ 2021ರ ಸೆಪ್ಟೆಂಬರ್‌ನಲ್ಲಿ ಬಂತು. ಅದರಲ್ಲಿ ವಿಜಯ್ ಬೀಗ ರಿಪೇರಿ ಮಾಡುವವನು. ‘ತಲೆದಂಡ’ 2022ರಲ್ಲಿ, ಅದರಲ್ಲಿ ರಸ್ತೆಗಾಗಿ ಕಡಿಯುವ ಮರಗಳ ಪರ ನಿಲ್ಲುವ ಮುಗ್ಧ. ಅದಕ್ಕೆ 68ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಪರಿಸರ ಸಂರಕ್ಷಣೆ ಕುರಿತ ಅತ್ಯುತ್ತಮ ಚಿತ್ರ ಎಂಬ ಮನ್ನಣೆಯೂ ಸಿಕ್ಕಿತು.

ಕಟಿಂಗ್ ಶಾಪಿನ ಆ ಹುಡುಗ ಹೊರಡುವಾಗ, ಯಾವ ಪಿಕ್ಚರ್ ಮೊದಲು ನೋಡಲಿ ಅಂತ ಕೇಳಿದ್ದ. ‘ಹರಿವು’ ಅಂದೆ. ಟ್ರಂಕಿನ ಮೇಲಿರುವ ಆ ಕೈಯನ್ನು ನೋಡು, ಮುಖವನ್ನು ಆಮೇಲೆ ನೋಡಿದರೂ ಆಗುತ್ತದೆ ಅಂದೆ.